ಟಿವಿಯ ಮುಂದೆ ಕೂತು ಓದಿದ ನಾಲ್ಕು ತಿಂಗಳು

ನನ್ನ ಹಳೆಯ ಮಾನಿಟರ್ ಒಂದೇ ಏಟಿಗೆ ಸಾಯಲಿಲ್ಲ. ಮೊದಲು ನಡುವೆ ಒಂದು ಹಸಿರು ಗೆರೆ ಬಂತು. ವಾರ ಕಳೆಯುವಷ್ಟರಲ್ಲಿ ಅದರ ಪಕ್ಕ ಇನ್ನೊಂದು. ನಾನು ಗೆರೆಗಳನ್ನು ಬಿಟ್ಟು ಉಳಿದ ಜಾಗದಲ್ಲೇ ಕೆಲಸ ಮಾಡುವುದನ್ನು ಕಲಿತೆ. ಮನುಷ್ಯ ಎಂಥದ್ದಕ್ಕೂ ಒಗ್ಗಿಕೊಳ್ಳುತ್ತಾನೆ ನೋಡಿ. ಕೊನೆಗೆ ಒಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಮೂಲೆಯ ಸಣ್ಣ ದೀಪ ಮಾತ್ರ ಹತ್ತಿಕೊಂಡಿತು. ಪರದೆ ಕಪ್ಪಾಗೇ ಉಳಿಯಿತು.

ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ. "ಹಾಲ್‌ನಲ್ಲಿ ಅಷ್ಟು ದೊಡ್ಡ ಟಿವಿ ಧೂಳು ತಿನ್ನುತ್ತಾ ಕೂತಿದೆಯಲ್ಲೋ. ಅದಕ್ಕೇ ಹಾಕ್ಕೋ. ಎರಡೂ ಒಂದೇ ತಾನೇ?" ಅಂದಳು.

ನನಗೂ ಹಾಗೇ ಅನ್ನಿಸಿತ್ತು. ಎರಡೂ ಚಪ್ಪಟೆ. ಎರಡಕ್ಕೂ ಅದೇ ಎಚ್‌ಡಿಎಂಐ ಕೇಬಲ್. ಎರಡರ ಡಬ್ಬದ ಮೇಲೂ 1920×1080 ಎಂದೇ ಬರೆದಿತ್ತು, ಅಂದರೆ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿ. ಸತ್ತ ಮಾನಿಟರ್ 24 ಇಂಚು, ಟಿವಿ 40 ಇಂಚು. ಅಂದರೆ ಲಾಭವೇ ಅಲ್ವಾ? ಸುಮ್ನೆ ಎರಡು ದಿನಕ್ಕೆ ಇರಲಿ, ಆಮೇಲೆ ಹೊಸದು ನೋಡೋಣ ಅಂತ ಅದನ್ನು ಎತ್ತಿ ನನ್ನ ಮೇಜಿನ ಮೇಲಿಟ್ಟೆ. ಆ ಎರಡು ದಿನ ಎಳೆದೂ ಎಳೆದೂ ನಾಲ್ಕು ತಿಂಗಳಾಯಿತು.

ಮೊದಲ ದಿನವೇ ಗಡಿಯಾರ ಕಾಣೆಯಾಯಿತು. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಇರುತ್ತದಲ್ಲ, ಅದು. ಕೆಳಗಿನ ಪಟ್ಟಿಯೂ ಅರ್ಧ ಮಾತ್ರ ಕಾಣುತ್ತಿತ್ತು. ಮೇಲುಗಡೆ ವಿಂಡೋ ಮುಚ್ಚುವ ಗುಂಡಿ ಒತ್ತಬೇಕಾದರೆ ಅಂದಾಜಿನ ಮೇಲೆ ಒತ್ತಬೇಕು. ಕಂಪ್ಯೂಟರಿನ ತಪ್ಪೇ ಇರಬೇಕು ಅಂದುಕೊಂಡು ಅದರ ಸೆಟ್ಟಿಂಗ್ಸ್‌ನಲ್ಲಿ ಒಂದು ಗಂಟೆ ತಡಕಾಡಿದೆ. ಆದರೆ ಪಾಪ, ಕಂಪ್ಯೂಟರ್ ಪೂರ್ತಿ ಚಿತ್ರವನ್ನೇ ಕಳಿಸುತ್ತಿತ್ತು. ಟಿವಿ ಅದರ ನಾಲ್ಕೂ ಅಂಚನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಎಳೆದು ಪರದೆ ತುಂಬಿಸುತ್ತಿತ್ತು.

ಇದಕ್ಕೆ ಓವರ್‌ಸ್ಕ್ಯಾನ್ ಅಂತ ಹೆಸರು. ಡಬ್ಬಾ ಟಿವಿಗಳ ಕಾಲದ ಚಾಳಿ. ಆಗ ಪಿಕ್ಚರ್ ಟ್ಯೂಬಿನೊಳಗೆ ಎಲೆಕ್ಟ್ರಾನ್ ಕಿರಣವೊಂದು ಗಾಜಿನ ಮೇಲೆ ಸಾಲು ಸಾಲಾಗಿ ಓಡಿ ಚಿತ್ರ ಬಿಡಿಸುತ್ತಿತ್ತು. ಕರೆಂಟು ಏರಿಳಿದರೆ, ಒಳಗಿನ ಭಾಗಗಳು ಹಳೆಯದಾದರೆ, ಚಿತ್ರ ಕುಗ್ಗುತ್ತಿತ್ತು ಇಲ್ಲವೇ ಹಿಗ್ಗುತ್ತಿತ್ತು. ಕುಗ್ಗಿದಾಗ ಅಂಚಿನಲ್ಲಿ ಕಪ್ಪು ಪಟ್ಟಿ ಕಂಡರೆ ಮನೆಯವರು ಸುಮ್ಮನಿರುತ್ತಾರೆಯೇ? ಅದಕ್ಕೇ ತಯಾರಕರು ಚಿತ್ರವನ್ನು ಗಾಜಿಗಿಂತ ತುಸು ದೊಡ್ಡದಾಗಿಯೇ ಬಿಡಿಸುವಂತೆ ಮಾಡಿದರು. ಅಂಚು ಆಚೆ ಚೆಲ್ಲಿ ಹೋಗಲಿ, ಬಿಡು ಅಂತ. ಕಾರ್ಯಕ್ರಮ ಮಾಡುವವರೂ ಇದು ಗೊತ್ತಿದ್ದೇ ಅಕ್ಷರಗಳನ್ನು ಅಂಚಿನಿಂದ ಒಳಗೆ ಸರಿಸಿ ಇಡುತ್ತಿದ್ದರು. ಈಗಿನ ಚಪ್ಪಟೆ ಎಲ್‌ಸಿಡಿ ಟಿವಿಯಲ್ಲಿ ಆ ಕಿರಣವೂ ಇಲ್ಲ, ಆ ಟ್ಯೂಬೂ ಇಲ್ಲ. ಚಾಳಿ ಮಾತ್ರ ಉಳಿದುಕೊಂಡಿದೆ. ಸಿನಿಮಾ ನೋಡುವಾಗ ಒಂದು ಬೆರಳಿನಷ್ಟು ಅಂಚು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ನಮಗೆ ಬೇಕಾದ ಗುಂಡಿಗಳೆಲ್ಲ ಇರುವುದೇ ಅಂಚಿನಲ್ಲಿ.

ಅಂಚು ಹೋಗಿದ್ದು ಸಣ್ಣ ನಷ್ಟ. ಎಳೆದು ತುಂಬಿಸುವಾಗ ಆಗುವ ನಷ್ಟವೇ ಜಾಸ್ತಿ. ಕಂಪ್ಯೂಟರ್ ಕಳಿಸಿದ ಒಂದು ಚುಕ್ಕಿ ಟಿವಿಯ ಒಂದು ಚುಕ್ಕಿಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಒಂದಿಷ್ಟು ಇದರ ಮೇಲೆ, ಒಂದಿಷ್ಟು ಪಕ್ಕದ್ದರ ಮೇಲೆ ಹರಡುತ್ತದೆ. ಅಕ್ಷರಗಳೆಲ್ಲ ನೀರು ಬಿದ್ದ ಇಂಕಿನ ಹಾಗೆ. ರಿಮೋಟ್ ಹಿಡಿದು ಮೆನುವಿನೊಳಗೆ ಮೆನು ತೆರೆದು ಹುಡುಕಿದೆ. ಇದಕ್ಕೆ ಒಂದೊಂದು ಟಿವಿಯಲ್ಲಿ ಒಂದೊಂದು ಹೆಸರು: ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್. ಕೊನೆಗೂ ಸಿಕ್ಕಿತು. ಗಡಿಯಾರ ವಾಪಸು ಬಂತು. ನೋಡಿದರೆ ರಾತ್ರಿ ಹನ್ನೊಂದೂವರೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಾರನೆಯ ದಿನ ಗಮನಿಸಿದರೆ ಪ್ರತಿ ಅಕ್ಷರದ ಸುತ್ತಲೂ ತೆಳುವಾದ ಬಿಳಿ ಪ್ರಭಾವಳಿ. ಕ್ಯಾಲೆಂಡರಿನ ದೇವರ ಪಟದಲ್ಲಿ ಇರುತ್ತದಲ್ಲ, ಹಾಗೆ. ಅದು ಶಾರ್ಪ್‌ನೆಸ್ ಎಂಬ ಸೆಟ್ಟಿಂಗಿನ ಮಹಿಮೆ. ಹೆಸರು ಕೇಳಿದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಅದು ಮಾಡುವುದು ಇಷ್ಟೇ: ಕಪ್ಪು ಬಿಳುಪು ಕೂಡುವ ಕಡೆ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡಿ, ಚಿತ್ರ ಚೂಪಾಗಿದೆ ಎಂಬ ಭ್ರಮೆ ಹುಟ್ಟಿಸುವುದು. ಮಸುಕು ಚಿತ್ರಕ್ಕೆ ಅದು ಮೇಕಪ್. ಅಕ್ಷರ ಮೊದಲೇ ಚೂಪು. ಅದಕ್ಕೆ ಮೇಕಪ್ ಬಳಿದರೆ ವೇಷವಾಗುತ್ತದೆ. ನನ್ನ ಟಿವಿಯಲ್ಲಿ ಅದನ್ನು ಸೊನ್ನೆಗೆ ಇಳಿಸಿದ ಮೇಲೆ ಪ್ರಭಾವಳಿ ಹೋಯಿತು.

ಆಮೇಲೆ ಮೌಸ್. ಕೈ ಆಡಿಸಿದರೆ ಪರದೆಯ ಬಾಣ ಒಂದು ಕ್ಷಣ ಯೋಚಿಸಿ ಹೊರಡುತ್ತಿತ್ತು. ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ. ಟೈಪ್ ಮಾಡಿದ ಅಕ್ಷರವೂ ಬೆರಳಿಗಿಂತ ಅರ್ಧ ಹೆಜ್ಜೆ ಹಿಂದೆ. ಕಾರಣ ತಿಳಿದಾಗ ನಗು ಬಂತು. ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೌಲಭ್ಯ ಇರುತ್ತದೆ. ಬಂದ ಎರಡು ಫ್ರೇಮ್‌ಗಳ, ಅಂದರೆ ಬಿಡಿ ಚಿತ್ರಗಳ ನಡುವೆ, ಇಲ್ಲದ ಒಂದು ಫ್ರೇಮನ್ನು ಟಿವಿಯೇ ಊಹಿಸಿ ಸೇರಿಸುತ್ತದೆ. ಊಹಿಸಬೇಕಾದರೆ ಮುಂದಿನದು ಏನು ಅಂತ ಗೊತ್ತಿರಬೇಕು. ಹಾಗಾಗಿ ಈಗ ಬಂದದ್ದನ್ನು ಕೈಯಲ್ಲಿ ಹಿಡಿದುಕೊಂಡು, ಮುಂದಿನದಕ್ಕೆ ಕಾಯುತ್ತದೆ. ಇಂಥ ಹತ್ತಾರು ಕಸರತ್ತು ಸೇರಿ ತಡ ನೂರು ಮಿಲಿಸೆಕೆಂಡಿಗೂ ಮೀರಬಹುದು. ಸಿನಿಮಾಗೆ ಇದರಿಂದ ಏನೂ ಆಗದು. ದನಿಯನ್ನೂ ಅಷ್ಟೇ ತಡ ಮಾಡಿಬಿಟ್ಟರೆ ಆಯಿತು. ನಮ್ಮ ಬೆರಳನ್ನು ತಡ ಮಾಡಲು ಆಗುತ್ತದೆಯೇ? ಗೇಮ್ ಮೋಡ್ ಹಾಕಿದರೆ ಈ ಕಸರತ್ತೆಲ್ಲ ನಿಂತು ಬಾಣ ಚುರುಕಾಗುತ್ತದೆ. ನಾನು ಗೇಮ್ ಆಡುವವನಲ್ಲ, ಆದರೂ ನಾಲ್ಕು ತಿಂಗಳು ಗೇಮ್ ಮೋಡ್‌ನಲ್ಲಿ ಪತ್ರ ಬರೆದೆ.

ಇಷ್ಟು ಹೊತ್ತಿಗೆ ಈ ಪೆಟ್ಟಿಗೆಯ ಸ್ವಭಾವ ನನಗೆ ಸ್ವಲ್ಪ ಅರ್ಥವಾಗಿತ್ತು. ಟಿವಿಗೆ ತನ್ನ ಬಳಿಗೆ ಬರುವ ಚಿತ್ರದ ಮೇಲೆ ನಂಬಿಕೆಯೇ ಇಲ್ಲ. ಎಲ್ಲಿಂದಲೋ, ಯಾರೋ ಕಳಿಸಿದ್ದು. ದಾರಿಯಲ್ಲಿ ಕೆಟ್ಟಿರಬಹುದು, ಮಸುಕಾಗಿರಬಹುದು, ಅಂಚು ಹರಿದಿರಬಹುದು. ಅದನ್ನು ತಿದ್ದಿ, ತೀಡಿ, ಬಣ್ಣ ಏರಿಸಿ, ಚೆಂದ ಮಾಡಿ ತೋರಿಸುವುದೇ ತನ್ನ ಕೆಲಸ ಅಂತ ಅದು ತಿಳಿದಿದೆ. ದಶಕಗಳ ಕಾಲ ಆಂಟೆನಾದಿಂದ ಇಳಿದು ಬಂದ ಚಿತ್ರ ಹಾಗೇ ಇರುತ್ತಿತ್ತು, ಆದ್ದರಿಂದ ಅದರ ಅನುಮಾನಕ್ಕೆ ಕಾರಣವೂ ಉಂಟು. ಮಾನಿಟರ್ ಪೆದ್ದು. ಕೊಟ್ಟದ್ದನ್ನು ಕೊಟ್ಟ ಹಾಗೆ ತೋರಿಸುತ್ತದೆ. ಆ ಪೆದ್ದುತನಕ್ಕೇ ನಾವು ದುಡ್ಡು ಕೊಡುವುದು ಅಂತ ನನಗೆ ತಿಳಿದದ್ದು ಆಗ.

ಬಣ್ಣದ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ನನ್ನ ಟಿವಿಯಲ್ಲಿ ಓದಲು ಆಗುತ್ತಲೇ ಇರಲಿಲ್ಲ. ಕುಂಕುಮ ಒರೆಸಿದ ಹಾಗೆ ಹರಡಿಕೊಳ್ಳುತ್ತಿತ್ತು. ನಮ್ಮ ಕಣ್ಣು ಬೆಳಕಿನ ಹೆಚ್ಚು ಕಡಿಮೆಯನ್ನು ಹಿಡಿಯುವಷ್ಟು ಸೂಕ್ಷ್ಮವಾಗಿ ಬಣ್ಣದ ಹೆಚ್ಚು ಕಡಿಮೆಯನ್ನು ಹಿಡಿಯುವುದಿಲ್ಲ. ಟಿವಿ ಲೋಕ ಇದನ್ನು ಬಹಳ ಹಿಂದೆಯೇ ಬಳಸಿಕೊಂಡಿತು. 1953ರಲ್ಲಿ ಅಮೆರಿಕ ಒಪ್ಪಿದ ಬಣ್ಣದ ಟಿವಿ ಪದ್ಧತಿಯಲ್ಲಿ, ಕಪ್ಪು ಬಿಳುಪು ಚಿತ್ರಕ್ಕೆ ಇದ್ದ ಜಾಗದಲ್ಲೇ ಬಣ್ಣವನ್ನೂ ತುರುಕಬೇಕಿತ್ತು. ಬೆಳಕಿನ ವಿವರ ಪೂರ್ತಿ ಇಟ್ಟು, ಬಣ್ಣದ ವಿವರವನ್ನು ಕಡಿಮೆ ಮಾಡಿದರು. ಇವತ್ತಿನ ಡಿಜಿಟಲ್ ವಿಡಿಯೋದಲ್ಲೂ ಅದೇ ಉಪಾಯ ನಡೆದಿದೆ. 4:2:0 ಅಂತ ಬರೆಯುವ ಲೆಕ್ಕದಲ್ಲಿ ನಾಲ್ಕು ಪಿಕ್ಸೆಲ್‌ಗೆ, ಅಂದರೆ ಪರದೆಯ ನಾಲ್ಕು ಚುಕ್ಕಿಗೆ, ಹಂಚಿಕೊಳ್ಳಲು ಒಂದೇ ಬಣ್ಣ. ಮುಖ, ಮರ, ಆಕಾಶ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಕೆಂಪು ಅಕ್ಷರದ ಒಂದು ಗೀಟು ಒಂದೇ ಪಿಕ್ಸೆಲ್ ಅಗಲ. ಅದರ ಬಣ್ಣ ಪಕ್ಕದ ಮೂವರಿಗೂ ಹಂಚಿಹೋಗುತ್ತದೆ. ಕಂಪ್ಯೂಟರಿಗೆ ಬೇಕಾದದ್ದು 4:4:4, ಅಂದರೆ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣ. ಹಲವು ಟಿವಿಗಳಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಅಂತ ಬದಲಿಸಿದರೆ ಮಾತ್ರ ಅದು ಹಾಗೆ ತೋರಿಸುತ್ತದೆ. ಹೆಸರು ಬದಲಿಸಿದರೆ ಬುದ್ಧಿ ಬದಲಾಗುವ ಯಂತ್ರವನ್ನು ನಾನು ಮೊದಲ ಸಲ ನೋಡಿದ್ದು. ನನ್ನದು ಅದಕ್ಕೂ ಜಗ್ಗಲಿಲ್ಲ.

ಸರಿ, ಇದ್ದ ಸೆಟ್ಟಿಂಗ್‌ಗಳೆಲ್ಲ ಮುಗಿದವು. ಆದರೂ ಸಂಜೆಯಾಗುವಷ್ಟರಲ್ಲಿ ಕಣ್ಣು ಉರಿ. ಓದುವುದರಲ್ಲೂ ತಪ್ಪು. ಕನ್ನಡದಲ್ಲಿ 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. 'ಬ', 'ಭ' ಕೂಡ ಹಾಗೆಯೇ. ಒತ್ತಕ್ಷರ ಬಂದರಂತೂ ಕತೆ ಮುಗಿಯಿತು. ಮೂಲ ಅಕ್ಷರದ ಅಡಿಯಲ್ಲಿ, ಅರ್ಧಕ್ಕಿಂತ ಸಣ್ಣ ಜಾಗದಲ್ಲಿ, ತನ್ನ ಸುರುಳಿಗಳನ್ನೆಲ್ಲ ಮಡಚಿಕೊಂಡು ಅದು ಕೂರಬೇಕು. ಒಂದು ದಿನ ಯಾವುದೋ ಕಾಗದದಲ್ಲಿ 'ಧನಸಹಾಯ' ಅಂತ ಇದ್ದದ್ದನ್ನು ನಾನು 'ದನಸಹಾಯ' ಅಂತ ಗಟ್ಟಿಯಾಗಿ ಓದಿದೆ. ಹಿಂದೆ ಕೂತಿದ್ದ ಅಪ್ಪ ನಕ್ಕರು.

"ಧನ ಕಣೋ. ಅಷ್ಟು ದಪ್ಪಗೆ ಇದೆ, ಕಾಣಲ್ವಾ?"

ತಿರುಗಿ ನೋಡಿದೆ. ಅವರು ಕೋಣೆಯ ಆ ತುದಿಯ ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತು ದಾಟಿದ ಕಣ್ಣು. ನಾನು ಒಂದು ಮೊಳದ ದೂರದಿಂದ ತಪ್ಪು ಓದಿದ್ದನ್ನು ಅವರು ಅಲ್ಲಿಂದ ಸರಿಯಾಗಿ ಓದಿದ್ದರು. ಎದ್ದು ಹೋಗಿ ಅವರ ಪಕ್ಕ ನಿಂತೆ. ಅಲ್ಲಿಂದ ಟಿವಿ ಎಷ್ಟು ಚೆನ್ನಾಗಿತ್ತು ಅಂತೀರಿ! ಅಕ್ಷರಗಳು ಅಚ್ಚು ಹೊಡೆದ ಹಾಗಿದ್ದವು.

ಅವತ್ತು ಟೇಪು ಹಿಡಿದು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಟಿವಿ ಮೇಜಿಗೆ ಹತ್ತುವ ಮೊದಲೇ ಹಾಕಬೇಕಿತ್ತು, ಅದು ಬೇರೆ ಮಾತು. ಸಾಮಾನ್ಯವಾಗಿ ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಮೇಜಿನ ಮುಂದೆ ಕೂತಾಗ ಪರದೆ ಹೆಚ್ಚು ಕಡಿಮೆ 60 ಸೆಂಟಿಮೀಟರ್ ದೂರ. ಅಷ್ಟು ದೂರದಲ್ಲಿ ಆ ಅರವತ್ತನೇ ಒಂದು ಭಾಗ ಎಂದರೆ 0.17 ಮಿಲಿಮೀಟರ್. 40 ಇಂಚಿನ ಟಿವಿ 88 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಅದನ್ನು 1920ರಿಂದ ಭಾಗಿಸಿದರೆ ಒಂದೊಂದು ಪಿಕ್ಸೆಲ್ 0.46 ಮಿಲಿಮೀಟರ್. ಕಣ್ಣಿಗೆ ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು ದಪ್ಪ. ಆ ಪಿಕ್ಸೆಲ್ ಕಣ್ಣಿಗೆ ಬೇರೆಯಾಗಿ ಕಾಣದೆ ಕರಗಬೇಕಾದರೆ ನಾನು ಸುಮಾರು ಒಂದೂವರೆ ಮೀಟರಿಗಿಂತ ಹಿಂದೆ ಕೂರಬೇಕು. ಕೀಬೋರ್ಡ್ ಅಷ್ಟು ದೂರ ಬರುತ್ತದೆಯೇ? ಸತ್ತ ಮಾನಿಟರಿನಲ್ಲಿ ಇಂಚಿಗೆ 92 ಪಿಕ್ಸೆಲ್ ಇದ್ದವು. ಈ ಟಿವಿಯಲ್ಲಿ 55. ಡಬ್ಬದ ಮೇಲೆ ಒಂದೇ ಸಂಖ್ಯೆ ಇದ್ದರೂ ನಾನು ಅಷ್ಟೇ ಹಿಟ್ಟನ್ನು ದೊಡ್ಡ ರೊಟ್ಟಿ ಮಾಡಿ ತೆಳ್ಳಗೆ ತಟ್ಟಿದ್ದೆ.

ಇಲ್ಲಿ ಒಂದು ಹಳೆಯ ಕತೆ ನೆನಪಾಗುತ್ತದೆ. ಮನೆಗೆ ಬಂದ ಮೊದಲ ಕಂಪ್ಯೂಟರುಗಳಲ್ಲಿ ಹಲವು ಟಿವಿಯನ್ನೇ ನಂಬಿಕೊಂಡು ಬಂದಿದ್ದವು. ಆಂಟೆನಾ ಸಿಕ್ಕಿಸುವ ತೂತಿಗೆ ಕಂಪ್ಯೂಟರ್ ಸಿಕ್ಕಿಸಿ, ಒಂದು ಚಾನೆಲ್ ಹಿಡಿದ ಹಾಗೆ ಅದನ್ನು ಹಿಡಿಯಬೇಕಿತ್ತು. 1977ರ ಆಪಲ್ 2ರಲ್ಲಿ ಸಾಲಿಗೆ 40 ಅಕ್ಷರ. 1982ರ ಕಮೊಡೋರ್ 64ರಲ್ಲೂ 40. ಅದೇ ವರ್ಷದ ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ 32 ಮಾತ್ರ. ಅದಕ್ಕಿಂತ ಜಾಸ್ತಿ ತುಂಬಿದರೆ ಮನೆಯ ಟಿವಿಯಲ್ಲಿ ಅಕ್ಷರ ಕಲಸಿಹೋಗುತ್ತಿತ್ತು. ಕಚೇರಿಗೆಂದು 1981ರಲ್ಲಿ ಬಂದ ಐಬಿಎಂ ಪಿಸಿ ತನ್ನದೇ ಹಸಿರು ಅಕ್ಷರದ ಮಾನಿಟರಿನಲ್ಲಿ ಸಾಲಿಗೆ 80 ಅಕ್ಷರ ತೋರಿಸುತ್ತಿತ್ತು. ಬಣ್ಣ ಇಲ್ಲ, ಚಿತ್ರ ಇಲ್ಲ, ಆದರೆ ಒಂದು ಪುಟ ಬರೆಯಲು ಅದೇ ಬೇಕಿತ್ತು. ಆಟಕ್ಕೆ ಟಿವಿ, ಬರಹಕ್ಕೆ ಮಾನಿಟರ್ ಅಂತ ಅವತ್ತೇ ಪಾಲಾಗಿತ್ತು. ನಾನು ನಲವತ್ತು ವರ್ಷ ತಡವಾಗಿ ಅದೇ ಪಾಲನ್ನು ನನ್ನ ಕಣ್ಣಿನಿಂದ ಕಲಿತೆ.

ಇನ್ನು ಕತ್ತಿನ ಕತೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು ಅನ್ನುತ್ತಾರೆ. ನನ್ನ ಟಿವಿಯ ಎತ್ತರ ಅರ್ಧ ಮೀಟರ್, ಅದರ ಕೆಳಗೆ ಎರಡು ಕಾಲು. ಮೇಲಂಚು ಹಣೆಯನ್ನೂ ದಾಟಿತ್ತು. ಮಾನಿಟರಿನ ಸ್ಟ್ಯಾಂಡನ್ನು ಏರಿಸಬಹುದು, ಇಳಿಸಬಹುದು, ಬಾಗಿಸಬಹುದು. ಟಿವಿಯ ಕಾಲಿಗೆ ಅಂಥದ್ದೇನೂ ಗೊತ್ತಿಲ್ಲ. ಮೂರನೆಯ ತಿಂಗಳು ಎಡಗಡೆ ಕತ್ತು ಹಿಡಿದುಕೊಂಡಿತು. ಇದರ ಬಗ್ಗೆ ಇಷ್ಟು ಸಾಕು.

ರಾತ್ರಿಯ ಕಾಟ ಬೇರೆ. ಕಂಪ್ಯೂಟರ್ ನಿದ್ದೆಗೆ ಹೋದರೆ ಮಾನಿಟರೂ ಜೊತೆಗೆ ಮಲಗುತ್ತದೆ, ಮೌಸ್ ಮುಟ್ಟಿದರೆ ಎರಡೂ ಏಳುತ್ತವೆ. ಟಿವಿ ಹಾಗಲ್ಲ. ಕಂಪ್ಯೂಟರ್ ಮಲಗಿದರೆ 'ಸಿಗ್ನಲ್ ಇಲ್ಲ' ಅಂತ ಒಂದು ಡಬ್ಬಿಯನ್ನು ಪರದೆಯ ಮೇಲೆ ತೇಲಿಸುತ್ತಾ ಕೂರುತ್ತದೆ. ನಡುರಾತ್ರಿ ನೀರು ಕುಡಿಯಲು ಎದ್ದರೆ ಕೋಣೆಯಲ್ಲಿ ನೀಲಿ ಬೆಳಕು, ಅದರಲ್ಲಿ ಆ ಡಬ್ಬಿ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿತ್ತು. ಬೆಳಿಗ್ಗೆ ಕೆಲಸ ಶುರು ಮಾಡಲು ಮೊದಲು ರಿಮೋಟ್ ಹುಡುಕಬೇಕು. ಕಾಗದಗಳ ಅಡಿಯಲ್ಲಿ ರಿಮೋಟ್ ಹುಡುಕುವ ಬರಹಗಾರ ನಾನೊಬ್ಬನೇ ಇರಬೇಕು.

ಕೊನೆಗೆ 27 ಇಂಚಿನ, 2560×1440 ಪಿಕ್ಸೆಲ್‌ನ ಒಂದು ಮಾನಿಟರ್ ತಂದೆ. ಇಂಚಿಗೆ 109 ಪಿಕ್ಸೆಲ್. ಸಿಕ್ಕಿಸಿದೆ, ಹತ್ತಿಕೊಂಡಿತು, ಅಷ್ಟೇ. ಯಾವ ಮೆನುವನ್ನೂ ತೆರೆಯಲಿಲ್ಲ. 'ಧ'ದ ಹೊಟ್ಟೆಯ ಸೀಳು ನೀಟಾಗಿ ಕಂಡಿತು. ಮೊದಲ ಐದು ನಿಮಿಷ ಪರದೆ ಸಣ್ಣದಾಯಿತಲ್ಲ ಅಂತ ಬೇಜಾರಾದದ್ದು ನಿಜ. ಆಮೇಲೆ ನೆನಪೇ ಆಗಲಿಲ್ಲ.

ಮಾನಿಟರಿನಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಅದರ ದನಿಯಂತೂ ತಗಡಿನ ಡಬ್ಬಿಯೊಳಗಿನ ನೊಣ. ಎಷ್ಟೋ ಮಾನಿಟರುಗಳಲ್ಲಿ ಸ್ಪೀಕರೇ ಇರುವುದಿಲ್ಲ. ಸಿನಿಮಾ ಹಾಕಿದರೆ ಟಿವಿಯ ಆ ಹೊಳಪು, ಆ ದೊಡ್ಡತನ ಬರುವುದಿಲ್ಲ. ನಾಲ್ಕು ಜನ ಸುತ್ತ ಕೂತು ನೋಡಲು ಅದು ಮಾಡಿದ್ದೂ ಅಲ್ಲ.

ಟಿವಿಯನ್ನೇ ಮೇಜಿನ ಮೇಲಿಟ್ಟುಕೊಂಡು ಸುಖವಾಗಿರುವವರೂ ಇದ್ದಾರೆ. ನನ್ನ ಗೆಳೆಯನೊಬ್ಬ ದಿನವಿಡೀ ಲೆಕ್ಕದ ಹಾಳೆಗಳಲ್ಲೇ ಮುಳುಗಿರುತ್ತಾನೆ. ಅವನ ಮುಂದಿರುವುದು 43 ಇಂಚಿನ 4ಕೆ ಟಿವಿ. ನನ್ನ ಅವಸ್ಥೆ ಕೇಳಿ, "ನಿನ್ನ ತಪ್ಪು ಟಿವಿ ಇಟ್ಟದ್ದಲ್ಲ ಮಾರಾಯ, ಆ ಟಿವಿ ಇಟ್ಟದ್ದು" ಅಂದ. ಲೆಕ್ಕ ಹಾಕಿದರೆ ಅವನ ಮಾತು ಸರಿ. 4ಕೆ ಅಂದರೆ 3840×2160 ಪಿಕ್ಸೆಲ್, ಅದು 43 ಇಂಚಿನಲ್ಲಿ ಹರಡಿದರೆ ಇಂಚಿಗೆ 102 ಬರುತ್ತದೆ. ನನ್ನ ಹೊಸ ಮಾನಿಟರಿಗೆ ಹತ್ತಿರ ಹತ್ತಿರ. ಅವನ ಮೇಜು ಅಗಲವಾದದ್ದು, ಟಿವಿ ಗೋಡೆಗೆ ಬಿಗಿದದ್ದು, ಕಣ್ಣಿಗೂ ಅದಕ್ಕೂ ಸುಮಾರು 85 ಸೆಂಟಿಮೀಟರ್. ಆದರೆ ಅವನೂ ಅದನ್ನು ಹಾಗೇ ತಂದು ಇಟ್ಟವನಲ್ಲ. ಮೊದಲು ತನ್ನ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದಾಗ ಬಾಣ ಕುಂಟುತ್ತಿತ್ತಂತೆ. ಆ ಕಂಪ್ಯೂಟರಿನ ಎಚ್‌ಡಿಎಂಐ 1.4, ಅಂದರೆ 2009ರ ಪದ್ಧತಿ. ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಸಲ ಬೇಕಾದರೆ 2013ರ ಎಚ್‌ಡಿಎಂಐ 2.0 ಬೇಕು, ಕಂಪ್ಯೂಟರಿನಲ್ಲೂ ಬೇಕು, ಟಿವಿಯಲ್ಲೂ ಬೇಕು. ಮಾನಿಟರುಗಳಲ್ಲಿ ಸಾಮಾನ್ಯವಾಗಿರುವ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಕೇಬಲ್ ಕಿಂಡಿ ಟಿವಿಗಳಲ್ಲಿ ಸಿಗುವುದು ಅಪರೂಪ, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ.

ಅವನು ಓಲೆಡ್ ಟಿವಿ ತಗೊಳ್ಳಲಿಲ್ಲ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಸಿನಿಮಾದಲ್ಲಿ ಚಿತ್ರ ಬದಲಾಗುತ್ತಾ ಇರುವುದರಿಂದ ಎಲ್ಲ ಹೆಚ್ಚು ಕಡಿಮೆ ಒಂದೇ ಸಮ ಸವೆಯುತ್ತವೆ. ಕಂಪ್ಯೂಟರಿನ ಕೆಳಗಿನ ಪಟ್ಟಿ ಬೆಳಗಿನಿಂದ ರಾತ್ರಿ ತನಕ ಒಂದೇ ಜಾಗದಲ್ಲಿ ನಿಂತಿರುತ್ತದೆ. ವರ್ಷಗಳು ಉರುಳಿದರೆ ಅದರ ನೆರಳು ಪರದೆಯಲ್ಲೇ ಉಳಿದುಬಿಡಬಹುದು. ಬಿಳಿ ಪುಟ ದೊಡ್ಡದಾಗಿ ತೆರೆದರೆ ಇಂಥ ಟಿವಿ ತಾನಾಗಿಯೇ ಬೆಳಕು ತಗ್ಗಿಸುವುದೂ ಉಂಟು. ಸಿನಿಮಾಗೆ ಅದಕ್ಕಿಂತ ಚೆಂದದ ಪರದೆ ನಾನು ನೋಡಿಲ್ಲ. ಅದರ ಮುಂದೆ ಕೂತು ದಿನಕ್ಕೆ ಹತ್ತು ಗಂಟೆ ಟೈಪ್ ಮಾಡುವ ಧೈರ್ಯ ನನಗಿಲ್ಲ.

ಗೆಳೆಯ ಮಾಡಿದ ಇನ್ನೊಂದು ಕೆಲಸ ನನಗೆ ಹಿಡಿಸಿತು. ಅವನ ಸ್ಮಾರ್ಟ್ ಟಿವಿಗೆ ಅವನು ಇಂಟರ್ನೆಟ್ ಕೊಟ್ಟೇ ಇಲ್ಲ. ಪರದೆಯ ಮೇಲೆ ಏನು ಬರುತ್ತಿದೆ ಅಂತ ಗುರುತು ಹಿಡಿದು ಕಂಪನಿಗೆ ಕಳಿಸುವ ವ್ಯವಸ್ಥೆ ಅನೇಕ ಟಿವಿಗಳಲ್ಲಿ ಇರುತ್ತದೆ. ಹೀಗೆ ಹೇಳದೆ ಕೇಳದೆ ಮಾಹಿತಿ ಬಾಚಿದ ಆರೋಪದ ಮೇಲೆ ವಿಜಿಯೊ ಎಂಬ ಟಿವಿ ಕಂಪನಿ 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದ ಜೊತೆ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸಿನಿಮಾ ನೋಡಿದ್ದು ಗೊತ್ತಾದರೆ ಗೊತ್ತಾಗಲಿ. ನಾನು ಬರೆಯುವ ಕಾಗದಗಳು, ಬ್ಯಾಂಕಿನ ಲೆಕ್ಕ ತೆರೆದಿರುವ ಪರದೆಯೇ ಇಣುಕಿ ನೋಡುವುದಾದರೆ? ನನ್ನ ಪೆದ್ದು ಮಾನಿಟರಿಗೆ ಇಣುಕಲು ಕಣ್ಣೂ ಇಲ್ಲ, ಹೇಳಲು ಬಾಯಿಯೂ ಇಲ್ಲ.

ಈಗ ಯಾರಾದರೂ ಟಿವಿ ತಗೊಳ್ಳಲಾ, ಮಾನಿಟರ್ ತಗೊಳ್ಳಲಾ ಅಂತ ಕೇಳಿದರೆ ನಾನು ದೂರ ಎಷ್ಟು ಅಂತ ಮೊದಲು ಕೇಳುತ್ತೇನೆ. ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ಪರದೆ ಮುಟ್ಟುತ್ತದೆಯೋ ಇಲ್ಲವೋ? ಮುಟ್ಟಿದರೆ ಮಾನಿಟರ್ ತಗೊಳ್ಳಿ ಅನ್ನುತ್ತೇನೆ. ಮುಟ್ಟದಿದ್ದರೆ ಏನು ಓದುತ್ತೀರಿ, ಏನು ನೋಡುತ್ತೀರಿ ಅಂತ ಮಾತು ಮುಂದುವರಿಯುತ್ತದೆ. ಅಕ್ಕ ಮಾತ್ರ ಈ ಉತ್ತರ ಕೇಳಿ, "ಒಂದು ಪ್ರಶ್ನೆ ಕೇಳಿದರೆ ಟೇಪು ತಗೊಂಡು ಬರ್ತಾನೆ" ಅಂತ ಬೈದಳು.

ಟಿವಿ ಹಾಲಿಗೆ ವಾಪಸು ಹೋಯಿತು, ಆದರೆ ಧೂಳು ತಿನ್ನಲು ಅಲ್ಲ. ನನ್ನ ಕೋಣೆಯಿಂದ ಗೋಡೆಯಂಚಿಗೆ ಒಂದು ಉದ್ದದ ಎಚ್‌ಡಿಎಂಐ ಕೇಬಲ್ ಎಳೆದಿದ್ದೇನೆ. ಕಂಪ್ಯೂಟರಿಗೆ ಅದು ಎರಡನೆಯ ಪರದೆ. ಅಪ್ಪ ತಮ್ಮ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೊಂದು ಹಲಗೆ, ಅದರ ಮೇಲೆ ವೈರಿಲ್ಲದ ಮೌಸ್ ಇಟ್ಟುಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು ಹಳೆಯ ಪತ್ರಿಕೆಗಳ ಸ್ಕ್ಯಾನ್ ಪ್ರತಿ ಓದುತ್ತಾರೆ. ಕನ್ನಡಕ ಕೂಡ ಹಾಕುವುದಿಲ್ಲ. ಒಂದೇ ತೊಂದರೆ: ಕಂಪ್ಯೂಟರಿನ ಲೆಕ್ಕದಲ್ಲಿ ಎರಡೂ ಪರದೆಗಳು ಅಕ್ಕಪಕ್ಕ ಅಂಟಿಕೊಂಡಿವೆ. ಅವರು ಮೌಸನ್ನು ಸ್ವಲ್ಪ ಜಾಸ್ತಿ ಎಡಕ್ಕೆ ಎಳೆದರೆ ಸಾಕು.

"ಏ, ಬಾಣ ಎಲ್ಲಿ ಹೋಯ್ತೋ?" ಅಂತ ಹಾಲಿನಿಂದ ಕೂಗುತ್ತಾರೆ.

ಅದು ನನ್ನ ಮಾನಿಟರಿನಲ್ಲಿ, ನಾನು ಟೈಪ್ ಮಾಡುತ್ತಿರುವ ಸಾಲಿನ ಮೇಲೆ ಬಂದು ನಿಂತಿರುತ್ತದೆ. ಹಿಡಿದು ಬಲಕ್ಕೆ ತಳ್ಳುತ್ತೇನೆ.

"ಬಂತು ಬಂತು" ಅನ್ನುತ್ತಾರೆ.